ನಿಮ್ಮೂರ ಹಳೇ ದೇವಸ್ಥಾನದ ಚರಿತ್ರೆ ಬರೆದಿಡುವುದು ಹೇಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯಾವ ಊರಿಗೆ ಹೋಗಿ ದೇವಸ್ಥಾನ ಎಷ್ಟು ಹಳೇದು ಅಂತ ಕೇಳಿದರೂ ಉತ್ತರ ಒಂದೇ. "ಚೋಳರ ಕಾಲದ್ದು." ಅಲ್ಲಿಗೆ ಮಾತು ಮುಗಿಯಿತು. ಚೋಳರು ಈ ಕಡೆ ಆಳಿದ್ದು ನಿಜ. 1004ರ ಹೊತ್ತಿಗೆ ಗಂಗವಾಡಿ ಅವರ ಕೈಗೆ ಬಂತು, 1116ರ ಸುಮಾರಿಗೆ ವಿಷ್ಣುವರ್ಧನ ತಲಕಾಡು ಗೆಲ್ಲುವವರೆಗೂ ಇಲ್ಲಿ ಅವರದೇ ಆಡಳಿತ. ಆದರೆ ಅವರಿಗಿಂತ ಮೊದಲು ಬಾಣರು, ಗಂಗರು, ನೊಳಂಬರು ಇದ್ದರು. ಆಮೇಲೆ ಹೊಯ್ಸಳರು, ವಿಜಯನಗರದವರು, ಪಾಳೇಗಾರರು ಬಂದರು. ಎಲ್ಲರ ಲೆಕ್ಕವನ್ನೂ ಚೋಳರ ಖಾತೆಗೆ ಬರೆದುಬಿಟ್ಟಿದ್ದೇವೆ ಅಷ್ಟೆ.

ಅದಕ್ಕಿಂತ ದೊಡ್ಡ ತಕರಾರು ನನ್ನದು ಬೇರೆ. ಯಾರು ಕಟ್ಟಿಸಿದರು ಅನ್ನುವುದೊಂದನ್ನೇ ನಾವು ಚರಿತ್ರೆ ಅಂದುಕೊಂಡಿದ್ದೇವೆ. ರಾಜ ಕಟ್ಟಿಸಿ ಹೋದ, ಸರಿ. ಆಮೇಲೆ ಸಾವಿರ ವರ್ಷ ದೀಪಕ್ಕೆ ಎಣ್ಣೆ ಯಾರು ಹಾಕಿದರು? ತೇರಿನ ಹಗ್ಗ ಯಾರ ಮನೆಯಿಂದ ಬರುತ್ತಿತ್ತು? ಮಳೆ ಬಾರದಿದ್ದಾಗ ಊರವರು ಎಲ್ಲಿ ಸೇರುತ್ತಿದ್ದರು, ಜಗಳ ಆದರೆ ಯಾವ ಕಟ್ಟೆಯ ಮೇಲೆ ತೀರ್ಮಾನ ಆಗುತ್ತಿತ್ತು? ಇದನ್ನು ಬರೆದಿಟ್ಟವರು ತೀರಾ ಕಡಿಮೆ. ಗೊತ್ತಿರುವವರು ವರ್ಷಕ್ಕೆ ಇಬ್ಬರು ಮೂವರಂತೆ ಹೋಗುತ್ತಿದ್ದಾರೆ. ಹಾಗಾಗಿ ಈ ಕೆಲಸ ನೀವೇ ಮಾಡಬೇಕು. ಇದಕ್ಕೆ ಇತಿಹಾಸದ ಡಿಗ್ರಿ ಬೇಡ. ಒಂದು ನೋಟ್‌ಬುಕ್ಕು, ಒಂದು ಮೊಬೈಲು, ಭಾನುವಾರಗಳು ಸಾಕು. ಸ್ವಲ್ಪ ಮೊಂಡುತನವೂ ಇದ್ದರೆ ಒಳ್ಳೆಯದು.

ಮೊದಲು ಜನ, ಆಮೇಲೆ ಕಲ್ಲು

ಹೆಚ್ಚಿನವರು ಮೊದಲು ಶಾಸನ ಹುಡುಕಿಕೊಂಡು ಹೋಗುತ್ತಾರೆ. ನನ್ನ ಕೇಳಿದರೆ ಅದು ಉಲ್ಟಾ. ಕಲ್ಲು ಇನ್ನೊಂದು ತಿಂಗಳು ಕಾಯುತ್ತದೆ, ಎಂಬತ್ತೈದು ವರ್ಷದ ಅಜ್ಜಿ ಕಾಯುವುದು ಗ್ಯಾರಂಟಿ ಇಲ್ಲ. ಆದ್ದರಿಂದ ಊರಿನ ಹಿರಿಯರ ಒಂದು ಪಟ್ಟಿ ಮಾಡಿಕೊಂಡು ಅಲ್ಲಿಂದಲೇ ಶುರು ಮಾಡಿ.

ಪಟ್ಟಿಯಲ್ಲಿ ಸಮಿತಿ ಅಧ್ಯಕ್ಷರು, ಅರ್ಚಕರು ಇದ್ದೇ ಇರುತ್ತಾರೆ, ಅವರನ್ನು ಬಿಡಬೇಡಿ. ಆದರೆ ಅವರಲ್ಲಿಗೇ ನಿಲ್ಲಿಸಬೇಡಿ. ಪಂಜು ಹಿಡಿಯುವ ಮನೆ ಯಾವುದು, ತಮಟೆ ಬಾರಿಸುವವರು ಯಾರು, ಮಡಕೆ ಕೊಡುತ್ತಿದ್ದ ಕುಂಬಾರರ ಮನೆ, ಹೂವು ಕಟ್ಟುವವರು, ಉತ್ಸವಕ್ಕೆ ಹೆಗಲು ಕೊಡುವವರು, ಜಾತ್ರೆ ಸಾರುವ ತಳವಾರ, ಕೆರೆ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿ, ಅನ್ನಸಂತರ್ಪಣೆಯಲ್ಲಿ ಒಲೆ ಮುಂದೆ ನಿಲ್ಲುವವರು. ದೇವಸ್ಥಾನ ನಡೆಯುತ್ತಿದ್ದುದೇ ಇವರ ಕೈಯಲ್ಲಿ. ಇವರನ್ನು ಯಾರೂ ಇದುವರೆಗೂ ಏನೂ ಕೇಳಿರುವುದಿಲ್ಲ, ಅದಕ್ಕೇ ಇವರ ಹತ್ತಿರ ಹೇಳುವುದಕ್ಕೆ ಜಾಸ್ತಿ ಇರುತ್ತದೆ.

ಕೇಳುವ ರೀತಿಯೇ ಇಲ್ಲಿ ಮುಖ್ಯ. "ತಾತ, ದೇವಸ್ಥಾನದ ಇತಿಹಾಸ ಹೇಳಿ" ಅಂದರೆ ಕೆಲಸ ಕೆಟ್ಟಿತು. ಅವರು ತಕ್ಷಣ ಬೆನ್ನು ನೆಟ್ಟಗೆ ಮಾಡಿಕೊಂಡು ಪುರಾಣ ಶುರು ಮಾಡುತ್ತಾರೆ, ಇಲ್ಲ "ನಂಗೇನಪ್ಪ ಗೊತ್ತು, ಮೇಷ್ಟ್ರನ್ನ ಕೇಳು" ಅಂತ ಕಳಿಸಿಬಿಡುತ್ತಾರೆ. ಅದರ ಬದಲು "ತಾತ, ಜಾತ್ರೆ ದಿನ ನಿಮ್ಮ ಮನೆಯವರು ಏನು ಮಾಡಬೇಕಿತ್ತು?" ಅಂತ ಕೇಳಿ. "ನೀವು ಚಿಕ್ಕವರಿದ್ದಾಗ ತೇರಿನ ಹಿಂದಿನ ದಿನ ಊಟಕ್ಕೆ ಏನು ಮಾಡುತ್ತಿದ್ದರು?" "ಯಾವತ್ತಾದರೂ ಜಾತ್ರೆ ನಿಂತಿದ್ದುಂಟಾ? ಯಾಕೆ?" ಈ ಕೊನೇ ಪ್ರಶ್ನೆಯಂತೂ ಬಂಗಾರದಂಥದ್ದು. ಜಾತ್ರೆ ನಿಂತಿತು ಅಂದರೆ ಬರ ಇರಬೇಕು, ರೋಗ ಬಂದಿರಬೇಕು, ಇಲ್ಲ ಎರಡು ಪಾರ್ಟಿಗೆ ಕೋರ್ಟು ಕಚೇರಿ ಆಗಿರಬೇಕು. ಊರಿನ ಚರಿತ್ರೆ ಇರುವುದೇ ಅಲ್ಲಿ.

ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಜನ ನೆನಪಿಡುವುದು ಘಟನೆಗಳನ್ನು. ಕೆರೆ ಏರಿ ಒಡೆದ ವರ್ಷ, ಇಂದಿರಾ ಗಾಂಧಿ ಸತ್ತ ವರ್ಷ, ಕೆಜಿಎಫ್ ಗಣಿ ಮುಚ್ಚಿದ ವರ್ಷ. ಇಂದಿರಾ ಗಾಂಧಿ ಅಂದರೆ 1984, ಗಣಿ ಮುಚ್ಚಿದ್ದು 2001, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007. ಇಂಥ ನಾಲ್ಕೈದು ಗೂಟ ಹೊಡೆದುಕೊಂಡರೆ ಉಳಿದದ್ದನ್ನು "ಅದಕ್ಕಿಂತ ಮುಂಚೆನಾ, ಆಮೇಲಾ?" ಅಂತ ಕೇಳಿ ಜೋಡಿಸಿಕೊಳ್ಳಬಹುದು. ಮದುವೆ, ಮಕ್ಕಳು ಹುಟ್ಟಿದ್ದು ಕೂಡ ಉಪಯೋಗಕ್ಕೆ ಬರುತ್ತದೆ. "ದೊಡ್ಡ ಮಗ ಕೈಗೂಸು ಇದ್ದಾಗ ಹೊಸ ತೇರು ಮಾಡಿಸಿದರು" ಅಂದರೆ ಆ ಮಗನ ಶಾಲೆ ದಾಖಲೆಯಿಂದಲೇ ನಿಮಗೆ ಇಸವಿ ಸಿಗುತ್ತದೆ!

ಹೋಗುವ ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ತಿಂಡಿ ಆದ ಮೇಲೆ ಒಳ್ಳೆಯದು. ಟೊಮ್ಯಾಟೊ ಕೀಳುವ ದಿನ, ರೇಷ್ಮೆ ಹುಳು ಹಣ್ಣಾಗಿರುವ ಹೊತ್ತಿಗೆ ಹೋದರೆ ಬೈಸಿಕೊಂಡು ಬರುತ್ತೀರಿ. ರೆಕಾರ್ಡ್ ಮಾಡುವ ಮುಂಚೆ ಕೇಳಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗಿನಲ್ಲಿ, ಹಾಡು ತೆಲುಗಿನಲ್ಲಿ, ಲೆಕ್ಕ ಕನ್ನಡದಲ್ಲಿ. ಅವರು ಹೇಗೆ ಹೇಳುತ್ತಾರೋ ಹಾಗೇ ಉಳಿಸಿಕೊಳ್ಳಿ, ನೀವು ಶುದ್ಧ ಮಾಡುವುದಕ್ಕೆ ಹೋಗಬೇಡಿ.

ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡಸರು ಪಕ್ಕದಲ್ಲಿದ್ದರೆ ಪ್ರಶ್ನೆ ಅಜ್ಜಿಗೆ, ಉತ್ತರ ತಾತನಿಂದ! ತಂಬಿಟ್ಟಿನ ದೀಪ ಯಾರ ಮನೆಯಿಂದ ಮೊದಲು ಹೊರಡಬೇಕು, ಊರ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೂ ಯಾವ ಹಬ್ಬಕ್ಕೆ ತಪ್ಪದೆ ಬರುತ್ತಾರೆ, ಮಗುವಿನ ಮುಡಿ ಕೊಡುವುದು ಎಲ್ಲಿ, ಸಿಡುಬು ಅಮ್ಮ ಬಂದಾಗ ಯಾವ ಗುಡಿಗೆ ಮೊಸರನ್ನ ಕೊಡುತ್ತಿದ್ದರು, ಇದೆಲ್ಲ ಅವರಿಗೆ ಗೊತ್ತು. ಊರ ದೊಡ್ಡ ದೇವಸ್ಥಾನ ಶಿವನದ್ದೋ ವಿಷ್ಣುವಿನದ್ದೋ ಇರಬಹುದು, ಆದರೆ ಊರ ಗಡಿಯ ಗಂಗಮ್ಮ, ಮಾರಮ್ಮ, ಸಪ್ಪಲಮ್ಮನಿಗೂ ಅದಕ್ಕೂ ಇರುವ ನಂಟು ಹೆಂಗಸರ ಮಾತಿನಲ್ಲೇ ಬಿಚ್ಚಿಕೊಳ್ಳುವುದು. ಮಳೆರಾಯನ ಹಾಡು ಬರುವವರು ಸಿಕ್ಕರೆ ಪೂರ್ತಿ ಹಾಡಿಸಿ. ಮಣ್ಣಿನ ಮಳೆರಾಯನನ್ನು ಹಲಗೆ ಮೇಲಿಟ್ಟು, ತಲೆ ಮೇಲೆ ಹೊತ್ತು, ಮನೆ ಮನೆಗೂ ಹೋಗಿ ನೀರು ಹುಯ್ಯಿಸಿಕೊಂಡು, ರಾಗಿ ಅಕ್ಕಿ ಎತ್ತಿ, ಕೊನೆಗೆ ದೇವಸ್ಥಾನದ ಮುಂದೆ ಎಲ್ಲರಿಗೂ ಊಟ ಹಾಕುತ್ತಿದ್ದ ಕಾಲ ನೋಡಿದವರು ಇನ್ನೂ ಇದ್ದಾರೆ.

ಇನ್ನೊಂದು ವಿಷಯ, ಇದು ಕಷ್ಟದ್ದು. ಯಾರನ್ನು ಒಳಗೆ ಬಿಡುತ್ತಿರಲಿಲ್ಲ ಅನ್ನುವುದನ್ನೂ ಕೇಳಿ ಬರೆಯಬೇಕು. ತಮಟೆ ಬೇಕು, ತಮಟೆಯವರು ಗರುಡಗಂಬದ ಆಚೆಗೇ ನಿಲ್ಲಬೇಕು ಅನ್ನುವ ಪದ್ಧತಿ ಎಷ್ಟು ಊರಲ್ಲಿ ಇತ್ತು, ಕೆಲವು ಕಡೆ ಈಗಲೂ ಹೇಗಿದೆ ಅಂತ ನಮಗೆಲ್ಲ ಗೊತ್ತಿರುವುದೇ. ಇದನ್ನು ಮೇಲಿನ ಕೇರಿಯಲ್ಲಿ ಕೇಳಿದರೆ "ನಮ್ಮೂರಲ್ಲಿ ಅಂಥದ್ದೇನಿಲ್ಲ" ಅನ್ನುತ್ತಾರೆ. ಕಾಲೋನಿಗೆ ಹೋಗಿ, ಅವರ ಜಗಲಿ ಮೇಲೆ ಕೂತು, ಅವರು ಕೊಟ್ಟ ಟೀ ಕುಡಿದು ಕೇಳಿ. ಬಿಟ್ಟಿದ್ದು ಯಾವಾಗ, ಯಾರು ಮುಂದೆ ನಿಂತರು, ಏನೇನಾಯಿತು, ಎಲ್ಲ ಬರೆದುಕೊಳ್ಳಿ. ಇದನ್ನು ಬಿಟ್ಟು ಬರೆದರೆ ನೀವು ಬರೆದದ್ದು ಅರ್ಧ ಊರಿನ ಚರಿತ್ರೆ.

ಕಲ್ಲು ನೋಡುವುದು

ಶಾಸನ ಅಂದರೆ ದೊಡ್ಡ ಬಂಡೆ ನೆಟ್ಟಿರುತ್ತದೆ ಅಂದುಕೊಳ್ಳಬೇಡಿ. ಗೋಡೆಯ ಬುಡದ ಪಟ್ಟಿಯಲ್ಲಿ, ಬಾಗಿಲುವಾಡದಲ್ಲಿ, ಕಂಬದ ಚೌಕದಲ್ಲಿ, ಹೊಸ್ತಿಲಲ್ಲಿ, ಕೆಲವೊಮ್ಮೆ ಚಪ್ಪಡಿಯ ಅಡಿಯಲ್ಲಿ ಕೂಡ ಅಕ್ಷರ ಇರುತ್ತದೆ. ದೇವಸ್ಥಾನ ಒಂದನ್ನೇ ಅಲ್ಲ, ಕೆರೆ ಏರಿ, ತೂಬು, ಕೋಡಿ, ಊರಬಾಗಿಲು, ಹೊಲದ ಬದು, ಬಟ್ಟೆ ಒಗೆಯುವ ಕಲ್ಲು ಎಲ್ಲ ನೋಡಿ. ಮೇಲೆ ಸೂರ್ಯ ಚಂದ್ರ ಕೆತ್ತಿದ್ದರೆ ಅದು ದಾನದ ಕಲ್ಲು ಇರಬಹುದು, "ಸೂರ್ಯ ಚಂದ್ರ ಇರುವವರೆಗೂ ಇದು ನಡೆಯಲಿ" ಅಂತ. ಕತ್ತಿ ಹಿಡಿದ ಆಳು, ಪಕ್ಕದಲ್ಲಿ ದನಗಳ ಸಾಲು ಇದ್ದರೆ ತುರುಗೊಳ್ ತಡೆದು ಸತ್ತವನ ವೀರಗಲ್ಲು, ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಪ್ರಾಣ ಬಿಟ್ಟವನು. ಮೇಲೆತ್ತಿದ ಒಂದು ಕೈ, ಕೈ ತುಂಬ ಬಳೆ ಕಂಡರೆ ಮಾಸ್ತಿಕಲ್ಲು, ಅಂದರೆ ಗಂಡನ ಜೊತೆ ಸತಿ ಹೋದವಳ ನೆನಪಿನ ಕಲ್ಲು.

ಅಕ್ಷರ ಕಾಣದಿದ್ದರೆ ಏನು ಮಾಡಬೇಕು? ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ. ಆಸಿಡ್ ಹಾಕಬೇಡಿ. ಸುಣ್ಣ, ಬಣ್ಣ ತುಂಬಬೇಡಿ. ಎಣ್ಣೆ ಬಳಿಯಬೇಡಿ. ಮೈದಾ ಹಿಟ್ಟು ಸವರಿ ಫೋಟೋ ತೆಗೆಯುವವರೂ ಇದ್ದಾರೆ, ಅದೂ ಬೇಡ. ಬೆಳಕನ್ನು ಓರೆಯಾಗಿ ಬೀಳಿಸಿದರೆ ಸಾಕು. ಸೂರ್ಯ ಹುಟ್ಟಿದ ಅರ್ಧ ಗಂಟೆಯಲ್ಲೋ ಮುಳುಗುವ ಹೊತ್ತಲ್ಲೋ ಹೋಗಿ, ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಅಂಟಿಸಿಕೊಂಡಂತೆ ಹಿಡಿದು ಅಡ್ಡ ಬೆಳಕು ಬಿಡಿ. ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ ಸಾಲಿಗೆ ಸಾಲು ಅಕ್ಷರ ಎದ್ದು ನಿಲ್ಲುತ್ತದೆ. ಪ್ರತಿ ಸಾಲಿಗೂ ಬೇರೆ ಬೇರೆ ಫೋಟೋ ತೆಗೆಯಿರಿ, ಕಲ್ಲಿನ ಪಕ್ಕ ಒಂದು ಸ್ಕೇಲ್ ಇಟ್ಟು ಒಂದು ಪೂರ್ತಿ ಫೋಟೋ ತೆಗೆಯಿರಿ.

ಟಾರ್ಚು ಅಂದೆನಲ್ಲ, ಒಬ್ಬರೇ ಮಾತ್ರ ಹೋಗಬೇಡಿ! ಸಂಜೆ ಹೊತ್ತು ಹಳೇ ಕಲ್ಲಿನ ಹತ್ತಿರ ಟಾರ್ಚು ಹಾಕಿಕೊಂಡು ಓಡಾಡಿದರೆ ನಮ್ಮ ಕಡೆ ಜನ ಮೊದಲು ಅನುಮಾನ ಪಡುವುದು ನಿಧಿ ಮೇಲೆ. ನಿಧಿಗಳ್ಳರು ಲಿಂಗದ ಬುಡ, ವೀರಗಲ್ಲಿನ ಬುಡ ಅಗೆದು ಹಾಳು ಮಾಡಿದ ಊರುಗಳು ಬೇಕಾದಷ್ಟಿವೆ, ಅವರ ಸಿಟ್ಟಿನಲ್ಲಿ ನ್ಯಾಯ ಇದೆ. ಪೂಜಾರಪ್ಪನನ್ನೋ ಪಂಚಾಯಿತಿ ಮೆಂಬರನ್ನೋ ಊರಿನ ನಾಲ್ಕು ಹುಡುಗರನ್ನೋ ಕರೆದುಕೊಂಡೇ ಹೋಗಿ. ಹುಡುಗರು ಬಂದರೆ ಇನ್ನೂ ಒಳ್ಳೆಯದು, ಎಲ್ಲೆಲ್ಲಿ ಕಲ್ಲಿದೆ ಅಂತ ದನ ಮೇಯಿಸಿದವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಇದೇ ಕಾರಣಕ್ಕೆ, ಕಾವಲಿಲ್ಲದ ಜಾಗದಲ್ಲಿರುವ ವೀರಗಲ್ಲು, ಮೂರ್ತಿಗಳ ಲೊಕೇಷನ್ನನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಉತ್ಸವ ಮೂರ್ತಿ, ಒಡವೆಗಳ ವಿವರವಂತೂ ಎಲ್ಲೂ ಬೇಡವೇ ಬೇಡ.

ಓದುವುದು ಹೇಗೆ? ಬಹುಶಃ ನೀವು ಓದಬೇಕಾಗಿಯೇ ಇಲ್ಲ, ನೂರು ವರ್ಷದ ಹಿಂದೆಯೇ ಯಾರೋ ಓದಿಟ್ಟಿರುತ್ತಾರೆ. ಮೈಸೂರು ಸಂಸ್ಥಾನದಲ್ಲಿದ್ದ ಬಿ. ಎಲ್. ರೈಸ್ ಊರೂರು ಶಾಸನ ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಸಂಪುಟಗಳನ್ನು ತಂದರು. ಕೋಲಾರ ಜಿಲ್ಲೆಯದು 10ನೇ ಸಂಪುಟ, 1905ರಲ್ಲಿ ಬಂತು. ತುಮಕೂರಿನದು 12ನೆಯದು, 1904. ಆಮೇಲೆ ಸಿಕ್ಕ ಶಾಸನಗಳಿಗೆ 16 ಮತ್ತು 17ನೇ ಪೂರಕ ಸಂಪುಟಗಳಿವೆ. ಹಳೇ ಸಂಪುಟಗಳ ಸ್ಕ್ಯಾನ್ ಪ್ರತಿ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಶಾಸನದ ಮೂಲ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಇರುತ್ತವೆ, ತಾಲ್ಲೂಕಿನ ಪ್ರಕಾರ ನಂಬರು ಹಾಕಿರುತ್ತಾರೆ. ಹುಡುಕುವಾಗ ಮೂರು ವಿಷಯ ನೆನಪಿರಲಿ. ಆಗ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ ಎಲ್ಲ 10ರಲ್ಲೇ ಸಿಗುತ್ತವೆ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಅಂತ ಹುಡುಕಬೇಕು. ಊರ ಹೆಸರಿನ ಇಂಗ್ಲಿಷ್ ಸ್ಪೆಲಿಂಗು ಈಗಿನಂತೆ ಇರುವುದಿಲ್ಲ, ಎರಡು ಮೂರು ರೀತಿ ಹಾಕಿ ನೋಡಿ.

ನಿಮ್ಮೂರ ಶಾಸನ ತಮಿಳಿನಲ್ಲಿದ್ದರೆ ಆಶ್ಚರ್ಯ ಬೇಡ, ಬೇಜಾರೂ ಬೇಡ. ಚೋಳರ ಕಾಲದ ತಮಿಳು ಶಾಸನ, ಅದಕ್ಕಿಂತ ಮೊದಲಿನ ಕನ್ನಡ ಶಾಸನ, ಆಮೇಲಿನ ತೆಲುಗು ಶಾಸನ ಮೂರೂ ನಮ್ಮ ಜಿಲ್ಲೆಯಲ್ಲಿವೆ. ಕೋಲಾರಮ್ಮನ ಗುಡಿಯಲ್ಲೇ ಚೋಳರ ಕಾಲದ ತಮಿಳು ಶಾಸನಗಳು ತುಂಬ ಇವೆ. ಅಲ್ಲಿ ಕುಲೋತ್ತುಂಗ ಚೋಳನ ಕಾಲದ್ದೊಂದು, 1071-72ರ ಸುಮಾರಿನದು, ದೇವಿಯ ಪೂಜೆಗೆ ಏನೇನು ಕೊಡಬೇಕು, ಯಾರ್ಯಾರಿಗೆ ಎಷ್ಟು ಅಂತ ಪಟ್ಟಿ ಕೊಡುತ್ತದೆ. ಅದರಲ್ಲಿ ವ್ಯಾಕರಣ ಪಾಠ ಹೇಳುವವರಿಗೂ ಪಾಲು ಇದೆ. ಅಂದರೆ ಈಗ ನಾವು ಹರಕೆ ಹೊತ್ತುಕೊಂಡು ಹೋಗುವ, ಚೇಳಮ್ಮನ ಮುಂದಿನ ನೆಲದ ಹುಂಡಿಗೆ ಕಾಸು ಹಾಕಿ ಚೇಳು ಕಚ್ಚದಿರಲಿ ಅಂತ ಕೈ ಮುಗಿಯುವ ಗುಡಿ, ಒಂದು ಕಾಲದಲ್ಲಿ ಪಾಠಶಾಲೆಯನ್ನೂ ಸಾಕುತ್ತಿತ್ತು. ಊರ ದೇವಸ್ಥಾನದ ಶಾಸನದಲ್ಲಿ ಹುಡುಕಬೇಕಾದ್ದು ಇಂಥದ್ದನ್ನೇ, ರಾಜನ ಬಿರುದಾವಳಿಯನ್ನಲ್ಲ. ಬಿರುದುಗಳ ಸಾಲನ್ನು ಹಾರಿಸಿಕೊಂಡು ಓದಿ. ಅದು ಎಲ್ಲ ಶಾಸನದಲ್ಲೂ ಹೆಚ್ಚು ಕಮ್ಮಿ ಒಂದೇ.

ಗಮನ ಇಡಬೇಕಾದ್ದು ಇವು: ಕೊಟ್ಟವರು ಯಾರು, ಗಾವುಂಡನಾ (ಊರ ಗೌಡ), ಮಹಾಜನರಾ, ವ್ಯಾಪಾರಿಗಳಾ, ಹೆಂಗಸಾ. ಏನು ಕೊಟ್ಟರು, ಗದ್ದೆಯಾ, ಗದ್ಯಾಣವಾ (ಆಗಿನ ಚಿನ್ನದ ನಾಣ್ಯ), ನಂದಾದೀಪಕ್ಕೆ ಎಣ್ಣೆಯಾ. ಗದ್ದೆ ಯಾವ ಕೆರೆ ಕೆಳಗೆ. ಗಡಿ ಹೇಳುವಾಗ ಬರುವ ಹಳ್ಳ, ಗುಡ್ಡ, ಪಕ್ಕದೂರುಗಳ ಹೆಸರು. ಕೆಲವು ಹೆಸರು ಈಗಲೂ ಹೊಲಕ್ಕೆ ಹಾಗೇ ಉಳಿದಿರುತ್ತದೆ, ಊರವರಿಗೆ ಓದಿ ಹೇಳಿದರೆ ತಟ್ಟನೆ ಜಾಗ ತೋರಿಸುತ್ತಾರೆ. ಬಿತ್ತುವಟ್ಟ ಅಂತ ಬಂದರೆ ಅದು ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ. ನೆತ್ತರುಗೊಡಗೆ ಅಂದರೆ ಊರಿಗಾಗಿ ಸತ್ತವನ ಮನೆಯವರಿಗೆ ಕೊಟ್ಟದ್ದು. ಕೊನೆಯಲ್ಲಿ ಶಾಪ ಇರುತ್ತದೆ, ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ, ಅಂದರೆ ಹಸು, ಕೊಂದ ಪಾಪಕ್ಕೆ ಹೋಗಲಿ ಅಂತ.

ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ಕ್ರಿಸ್ತಶಕ ಸಿಗುತ್ತದೆ. ಶಕ 1320 ಅಂದರೆ 1398. ವರ್ಷದ ಕೊನೇ ಭಾಗದ ತಿಂಗಳಾದರೆ 79. ಚೋಳರು ಮಾತ್ರ ಹೆಚ್ಚಾಗಿ "ರಾಜನ ಇಷ್ಟನೇ ವರ್ಷ" ಅಂತ ಬರೆಯುತ್ತಾರೆ, ಅದಕ್ಕೆ ಪುಸ್ತಕವನ್ನೇ ನೋಡಬೇಕು.

ದೇವಸ್ಥಾನ ಮತ್ತು ಕೆರೆ ಒಟ್ಟಿಗೇ ಹೋಗುತ್ತವೆ, ಇದನ್ನು ಒತ್ತಿ ಹೇಳುತ್ತೇನೆ. ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋದವರು ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ನೋಡಿಕೊಂಡು, ಬೆಟ್ಟ ಹತ್ತಿ ಸೀತಮ್ಮನ ಗುಡಿ ನೋಡಿ, ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಕೇಳಿಕೊಂಡು ಬರುತ್ತಾರೆ. ಅದೇ ಆವಣಿಯ 961ರ ಶಾಸನ ತ್ರಿಭುವನಕರ್ತಾರ ಅನ್ನುವ ಯತಿಯ ವಿಷಯ ಹೇಳುತ್ತದೆ. ನಲವತ್ತು ವರ್ಷ ಆ ಸ್ಥಾನ ನಡೆಸಿ, ಐವತ್ತು ದೇವಾಲಯ ಕಟ್ಟಿಸಿ, ಎರಡು ದೊಡ್ಡ ಕೆರೆ ಕಟ್ಟಿಸಿದನಂತೆ. ನದಿಯೇ ಇಲ್ಲದಂಥ ಈ ಸೀಮೆಯಲ್ಲಿ ದೇವರಿಗೆ ಬಿಟ್ಟ ಗದ್ದೆಗೆ ಬೆಲೆ ಬರಬೇಕಾದರೆ ಕೆರೆಯಲ್ಲಿ ನೀರು ಇರಬೇಕು. ಏರಿ ಒಡೆದರೆ ದೇವರ ಎಣ್ಣೆಗೂ ಕುತ್ತು, ಊರ ರಾಗಿಗೂ ಕುತ್ತು. ಹಾಗಾಗಿ ನಿಮ್ಮ ಬರಹದಲ್ಲಿ ಕೆರೆಗೆ ಒಂದು ಇಡೀ ಅಧ್ಯಾಯ ಕೊಡಿ. ಯಾವ ತೂಬಿನ ನೀರು ಯಾರ ಗದ್ದೆಗೆ, ಹೂಳೆತ್ತುವುದಕ್ಕೆ ಮನೆಗೊಂದು ಆಳು ಹೇಗೆ ಹೋಗುತ್ತಿತ್ತು, ಕೋಡಿ ಬಿದ್ದಾಗ ಬಾಗಿನ ಯಾರು ಕೊಡುತ್ತಿದ್ದರು, ಕೊಳವೆಬಾವಿ ಬಂದ ಮೇಲೆ ಇದೆಲ್ಲ ಯಾವಾಗ ನಿಂತಿತು.

ಕಾಗದ ಪತ್ರ

ಇಲ್ಲಿ ಜನರಿಗೆ ಬೇಜಾರು ಬರುತ್ತದೆ, ಆದರೂ ಬಿಡಬೇಡಿ. ದೇವಸ್ಥಾನಕ್ಕೆ ಒಂದು ಕಾಲದಲ್ಲಿ ಇನಾಂ ಜಮೀನು ಇತ್ತು, ಈಗ ಇಲ್ಲ ಅಂತ ಎಲ್ಲ ಊರಲ್ಲೂ ಹೇಳುತ್ತಾರೆ. ಎಲ್ಲಿಗೆ ಹೋಯಿತು? ಆಗಿನ ಮೈಸೂರು ರಾಜ್ಯದಲ್ಲಿ ಧಾರ್ಮಿಕ ಇನಾಂ ರದ್ದು ಮಾಡುವ ಕಾಯ್ದೆ 1955ರಲ್ಲಿ ಬಂತು. ಜಮೀನು ಉಳುತ್ತಿದ್ದವರ ಹೆಸರಿಗೆ ಹೋಗುವ ದಾರಿ ಆಯಿತು, ದೇವಸ್ಥಾನಕ್ಕೆ ಸರ್ಕಾರದಿಂದ ತಸ್ತೀಕ್, ಅಂದರೆ ಪೂಜೆ ಖರ್ಚಿಗೆ ವರ್ಷ ವರ್ಷ ಕೊಡುವ ಹಣ, ಬಂತು. ಊರಿನ ಕೈಕೆಲಸದವರಿಗಿದ್ದ ತೋಟಿ, ತಳವಾರ, ನೀರಗಂಟಿ ಇನಾಂಗಳದ್ದು ಬೇರೆ ಕಥೆ, ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಪಂಜು ಹಿಡಿಯುವ ಮನೆಯವರು "ಮುಂಚೆ ಇದಕ್ಕೆ ಹೊಲ ಇತ್ತು, ಈಗ ಬಿಟ್ಟಿ ಚಾಕರಿ" ಅನ್ನುತ್ತಾರಲ್ಲ, ಆ ಮಾತಿನ ಬೇರು ಈ ಬದಲಾವಣೆಗಳಲ್ಲೇ ಇರುತ್ತದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಇನಾಂ ದಾಖಲೆ, ಮುಜರಾಯಿ ಶಾಖೆಯಲ್ಲಿ ದೇವಸ್ಥಾನದ ಕಡತ ಸಿಗುತ್ತದೆ. ಸರ್ವೆ ನಂಬರ್ ಗೊತ್ತಿದ್ದರೆ ಕೆಲಸ ಸಲೀಸು. ಸುಮ್ನೆ ಹೋಗಿ ಕೇಳಿದರೆ "ನಾಳೆ ಬನ್ನಿ" ಆಗುತ್ತದೆ, ಆದ್ದರಿಂದ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಅರ್ಜಿಯಲ್ಲಿ "ಎಲ್ಲ ದಾಖಲೆ ಕೊಡಿ" ಅನ್ನಬೇಡಿ. ಯಾವ ಊರು, ಯಾವ ದೇವಸ್ಥಾನ, ಯಾವ ರಿಜಿಸ್ಟರು ಅಂತ ನಿಖರವಾಗಿ ಕೇಳಿ. ಮುಜರಾಯಿ ದೇವಸ್ಥಾನ ಆದರೆ ಯಾವ ವರ್ಗ ಅಂತಲೂ ನೋಡಿಕೊಳ್ಳಿ. ವರ್ಷದ ಆದಾಯ 25 ಲಕ್ಷ ದಾಟಿದರೆ ಎ, 5ರಿಂದ 25 ಲಕ್ಷ ಬಿ, 5 ಲಕ್ಷದ ಒಳಗೆ ಸಿ. ನಮ್ಮ ಹಳ್ಳಿ ದೇವಸ್ಥಾನಗಳು ಬಹುತೇಕ ಸಿ.

ಸರ್ಕಾರಿ ಕಡತಕ್ಕಿಂತ ಚೆನ್ನಾಗಿರುವುದು ಧರ್ಮಕರ್ತರ ಮನೆಯ ಅಟ್ಟದಲ್ಲಿರುವ ಲೆಕ್ಕದ ಪುಸ್ತಕ. ಜಾತ್ರೆ ಚಂದಾ ಯಾರು ಎಷ್ಟು ಕೊಟ್ಟರು, ಯಾರು ಕಾಸಿನ ಬದಲು ರಾಗಿ ಕೊಟ್ಟರು, ಕೊಬ್ಬರಿಗೆಷ್ಟು, ಹೂವಿನ ಪಲ್ಲಕ್ಕಿಗೆಷ್ಟು, ನಾಟಕದ ಹಾರ್ಮೋನಿಯಂ ಮೇಷ್ಟ್ರಿಗೆಷ್ಟು, ಎಲ್ಲ ಇರುತ್ತದೆ. ಹಳೇ ಜಾತ್ರೆ ಕರಪತ್ರ, ನಾಟಕದ ಹ್ಯಾಂಡ್‌ಬಿಲ್ಲು, ಫೋಟೋ ಏನು ಸಿಕ್ಕರೂ ಅಲ್ಲೇ ಕೂತು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಅವರ ಕೈಗೆ ಅಲ್ಲೇ ವಾಪಸು ಕೊಡಿ. ಮನೆಗೆ ತಂದರೆ ಊರೆಲ್ಲ ಬೇರೆ ಮಾತಾಗುತ್ತದೆ.

ಕಥೆಗೂ ಶಾಸನಕ್ಕೂ ತಾಳೆಯಾಗದಿದ್ದರೆ

ಬಹಳ ಸಲ ಆಗುವುದಿಲ್ಲ. ತುಮಕೂರಿನ ಹತ್ತಿರ ಗೂಳೂರು ಪಕ್ಕದ ಕೈದಾಳವನ್ನೇ ನೋಡಿ. ಜಕಣಾಚಾರಿ ಅಲ್ಲಿ ಚೆನ್ನಕೇಶವನನ್ನು ಕಡೆದ ಮೇಲೆ ಕಳೆದುಕೊಂಡ ಕೈ ಮತ್ತೆ ಬಂತು ಅನ್ನುವ ಕಥೆ ಮಕ್ಕಳಿಗೂ ಗೊತ್ತು. ಅಲ್ಲಿನ ಶಾಸನ ಹೇಳುವುದು, 1150-51ರಲ್ಲಿ ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳೆ ಬಾಚಿ ದೇವಾಲಯ ಕಟ್ಟಿಸಿದ ಅಂತ. ಯಾವುದು ಸರಿ ಅಂತ ಜಗಳಕ್ಕೆ ನಿಲ್ಲಬೇಡಿ. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಪುಟದಲ್ಲಿ. ಒಂದಕ್ಕೆ "ಶಾಸನ ಹೇಳುವುದು", ಇನ್ನೊಂದಕ್ಕೆ "ಊರವರು ಹೇಳುವುದು" ಅಂತ ತಲೆಬರಹ. ಎರಡನ್ನೂ ಕಲಸಿ, ಕಥೆಗೆ ಶಾಸನದ ಇಸವಿ ಅಂಟಿಸಿ ಬರೆಯುವ ಚಾಳಿ ಇದೆಯಲ್ಲ, ಅದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ಒಂದೇ ಗುಡಿಗೆ ಒಬ್ಬನೇ ಕಟ್ಟಿಸಿದವನು ಇರಬೇಕು ಅಂತಲೂ ಇಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ನೋಡಿ. ಸುಮಾರು 810ರ ತಾಮ್ರಪಟ ಬಾಣ ರಾಣಿ ರತ್ನಾವಳಿ ಕಟ್ಟಿಸಿದ ಶಿವಾಲಯದ ಮಾತು ಹೇಳುತ್ತದೆ. ಅಲ್ಲಿ ನೊಳಂಬರ ಕೆಲಸ ಇದೆ, ಅರುಣಾಚಲೇಶ್ವರನ ಗುಡಿ ಗಂಗರದ್ದು ಅನ್ನುತ್ತಾರೆ, ನಡುವಿನ ಉಮಾಮಹೇಶ್ವರ ಆಮೇಲಿನದು, ಶೃಂಗಿ ತೀರ್ಥದ ಕಲ್ಯಾಣಿ, ತುಲಾಭಾರ ಮಂಟಪ ವಿಜಯನಗರ ಕಾಲದವು. ಬಂದವರೆಲ್ಲ ಸ್ವಲ್ಪ ಸ್ವಲ್ಪ ಸೇರಿಸಿದ್ದಾರೆ. ಶಿವರಾತ್ರಿ ಹೊತ್ತಿನ ರಥೋತ್ಸವಕ್ಕೆ ಸೇರುವ ಜನವೂ ಹಾಗೇ ಸೇರಿಸುತ್ತಲೇ ಇದ್ದಾರೆ. ನಿಮ್ಮೂರ ಗುಡಿಗೆ 1990ರಲ್ಲಿ ಹಾಕಿದ ಶೀಟಿನ ಚಪ್ಪರ, ಬೆಂಗಳೂರಿಗೆ ಹೋದ ಹುಡುಗರು ಕೊಡಿಸಿದ ಮೈಕ್ ಸೆಟ್ಟು ಕೂಡ ಆ ಸಾಲಿಗೇ ಬರುತ್ತದೆ, ಬರೆಯುವುದಕ್ಕೆ ನಾಚಿಕೆ ಬೇಡ.

ಜೀರ್ಣೋದ್ಧಾರ ಶುರುವಾಗುವ ಮುಂಚೆ

ಇದು ಅರ್ಜೆಂಟು. ಊರಲ್ಲಿ ಜೀರ್ಣೋದ್ಧಾರದ ಮಾತು ಬಂದಿದ್ದರೆ ಉಳಿದದ್ದೆಲ್ಲ ಪಕ್ಕಕ್ಕಿಟ್ಟು ಮೊದಲು ಫೋಟೋ ತೆಗೆಯಿರಿ. ನಾನು ಬಲ್ಲ ಒಂದು ಹಳ್ಳಿಯಲ್ಲಿ ಹೊಸ್ತಿಲ ಪಕ್ಕದ ಶಾಸನದ ಮೇಲೇ ಟೈಲ್ಸ್ ಹಾಕಿಬಿಟ್ಟರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಗುಡಿ ಚೆನ್ನಾಗಿ ಕಾಣಲಿ ಅಂತ ಅಷ್ಟೆ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿದರೆ ಅಕ್ಷರ ಸವೆದು ಹೋಗುತ್ತದೆ, ಎನಾಮಲ್ ಪೇಂಟು ಬಳಿದರೆ ಮುಚ್ಚಿಹೋಗುತ್ತದೆ. ಸಮಿತಿಯವರ ಹತ್ತಿರ ಜಗಳ ಆಡಿದರೆ ಪ್ರಯೋಜನ ಇಲ್ಲ. "ಸ್ವಾಮಿ, ಈ ಕಲ್ಲಿನಲ್ಲಿ ನಮ್ಮೂರ ಹೆಸರಿದೆ, ಇಷ್ಟು ವರ್ಷದ ಹಿಂದಿನದು" ಅಂತ ಪುಸ್ತಕದ ಪುಟದ ಜೆರಾಕ್ಸ್ ತೋರಿಸಿ. ಊರ ಹೆಸರು ಓದಿದ ಮೇಲೆ ಆ ಕಲ್ಲನ್ನು ಮುಚ್ಚುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ ಆದರೆ ಸುತ್ತ 100 ಮೀಟರು ನಿಷೇಧಿತ, ಅಲ್ಲಿ ಹೊಸದು ಕಟ್ಟುವ ಹಾಗಿಲ್ಲ; ಅದರಾಚೆ 200 ಮೀಟರು ನಿಯಂತ್ರಿತ, ಅನುಮತಿ ಇಲ್ಲದೆ ಏನೂ ಕಟ್ಟುವ ಹಾಗಿಲ್ಲ. ಹೊಸ ಶಾಸನ ಸಿಕ್ಕಿತು ಅನ್ನಿಸಿದರೆ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅವರಿಗೂ ತಿಳಿಸಬಹುದು.

ಬರೆದು ಹಂಚುವುದು

ದೊಡ್ಡ ಪುಸ್ತಕ ಬೇಡ. ನಲವತ್ತು ಪುಟ ಆದರೆ ಧಾರಾಳ. ಜನ ಹೇಳಿದ ಮಾತನ್ನು ಅವರ ಮಾತಿನಲ್ಲೇ ಹಾಕಿ, ಹೆಸರು ಹಾಕಬಹುದಾ ಅಂತ ಒಂದು ಸಲ ಕೇಳಿ ಹಾಕಿ. ಮೊದಲ ತಾಂಬೂಲ ಯಾರಿಗೆ, ತೇರಿನ ಮೊದಲ ಕಾಯಿ ಯಾವ ಮನೆಯದು ಅನ್ನುವ ಕಡೆ ಹುಷಾರು. ಅಚ್ಚಾದ ಮೇಲೆ ಅದೇ ಸಾಕ್ಷಿ ಅಂತ ನಾಳೆ ಕೋರ್ಟಿಗೆ ತಗೊಂಡು ಹೋಗುತ್ತಾರೆ. ತಕರಾರು ಇರುವ ಕಡೆ "ಇವರು ಹೀಗೆ ಹೇಳುತ್ತಾರೆ, ಅವರು ಹಾಗೆ ಹೇಳುತ್ತಾರೆ" ಅಂತ ಎರಡನ್ನೂ ಬರೆದು ಸುಮ್ಮನಾಗಿ.

ಅಚ್ಚಿಗೆ ಕೊಡುವ ಮುಂಚೆ ಒಂದು ಸಂಜೆ ದೇವಸ್ಥಾನದ ಮುಂದೆಯೇ, ಹುಣ್ಣಿಮೆ ಪೂಜೆಗೋ ಶನಿವಾರದ ಭಜನೆಗೋ ಜನ ಸೇರಿದಾಗ, ಗಟ್ಟಿಯಾಗಿ ಓದಿ. ಕಾಲೋನಿಯವರನ್ನೂ ಕರೆದು ಓದಿ. ಅರ್ಧಕ್ಕರ್ಧ ತಪ್ಪು ಅಲ್ಲೇ ಹೊರಗೆ ಬರುತ್ತದೆ, ನೀವು ಕೇಳದೇ ಬಿಟ್ಟ ನಾಲ್ಕು ವಿಷಯ ಯಾರೋ ಎದ್ದು ಹೇಳುತ್ತಾರೆ. ತಿದ್ದಿಕೊಂಡ ಮೇಲೆ ಪ್ರಿಂಟಿಗೆ ಕೊಡಿ. ಖರ್ಚಿಗೆ ಒಬ್ಬರೇ ದಾನಿಯನ್ನು ಹಿಡಿಯಬೇಡಿ, ಮುಖಪುಟದಲ್ಲಿ ಅವರ ಫೋಟೋ ಬರಬೇಕಾಗುತ್ತದೆ! ಚುನಾವಣೆ ಹತ್ತಿರ ಇದ್ದರೆ ಇನ್ನೂ ಕಷ್ಟ. ಮನೆಗೆ ನೂರು ಇನ್ನೂರು ಎತ್ತಿದರೆ ಆಗುತ್ತದೆ. ಶಾಲೆಗೆ ಎರಡು ಪ್ರತಿ, ಪಂಚಾಯಿತಿ ಗ್ರಂಥಾಲಯಕ್ಕೆ ಎರಡು, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಒಂದು, ಮಾತಾಡಿದವರ ಮನೆಗೆಲ್ಲ ಒಂದೊಂದು. ಪಿಡಿಎಫ್ ಅನ್ನು ಊರ ವಾಟ್ಸಾಪ್ ಗ್ರೂಪಿಗೆ ಹಾಕಿ, ಆರ್ಕೈವ್ ಡಾಟ್ ಆರ್ಗ್‌ಗೂ ಏರಿಸಿ. ರೆಕಾರ್ಡಿಂಗುಗಳನ್ನು ಮೊಬೈಲಿನಲ್ಲೇ ಬಿಡಬೇಡಿ, ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ಊರಲ್ಲಿ ನಂಬಿಕೆಯಿರುವ ಇನ್ನೊಬ್ಬರ ಹತ್ತಿರ ಇಡಿ.